ಎಮ್ಮಾಹುವಿನ ದಾರಿ ಹಿಡಿದವರು

ಯೇಸುವನ್ನು ಶಿಲುಬೆಗೆ ಹಾಕಿದ ಮೂರನೆಯ ದಿನ ಅವನ ಶಿಷ್ಯರಲ್ಲಿ ಇಬ್ಬರು ಯೆರೂಸಲೇಮಿಗೆ ಬೆನ್ನು ಹಾಕಿ ಎಮ್ಮಾಹು ಎಂಬ ಹಳ್ಳಿಯ ದಾರಿ ಹಿಡಿದರು. ಹತ್ತು ಹನ್ನೊಂದು ಕಿಲೋಮೀಟರ್ ನಡಿಗೆ. ಒಬ್ಬನ ಹೆಸರು ಕ್ಲೆಯೋಫ. ಇನ್ನೊಬ್ಬರು ಯಾರೆಂದು ಸುವಾರ್ತೆಯಲ್ಲಿ ಲೂಕ ಹೇಳುವುದಿಲ್ಲ. ಇಸ್ರಾಯೇಲಿನ ಬಿಡುಗಡೆಗೆ ಅವರು ಯಾರನ್ನು ನೆಚ್ಚಿಕೊಂಡಿದ್ದರೋ ಅವನನ್ನೇ ಅಧಿಕಾರಿಗಳು ಕೊಲ್ಲಿಸಿದ್ದರು. ಈ ಕತೆಯ ಒಂದು ವಿವರವನ್ನು ನಮ್ಮ ಪ್ರಸಂಗಗಳು ಬೇಗ ದಾಟಿಬಿಡುತ್ತವೆ: ಸಮಾಧಿ ಬರಿದಾಗಿದೆ ಎಂದು ಹೆಂಗಸರು ತಂದ ಸುದ್ದಿ ಆ ಇಬ್ಬರಿಗೂ ಬೆಳಿಗ್ಗೆಯೇ ಮುಟ್ಟಿತ್ತು. ಅದನ್ನು ಕೇಳಿಯೂ ಅವರು ಊರು ಬಿಟ್ಟಿದ್ದರು. ಎದೆಯೊಡೆದವರ ಕಿವಿಯಲ್ಲಿ ಶುಭಸಂದೇಶವನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರೆ ಸಾಕು ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು. ದಾರಿಯಲ್ಲಿ ಜತೆಯಾದ ಅಪರಿಚಿತ, ಅಂದರೆ ಅವರು ಗುರುತು ಹಿಡಿಯದ ಯೇಸು, ಅವರನ್ನು ಆಮೇಲೆ ಗದರಿದ್ದುಂಟು, ಧರ್ಮಗ್ರಂಥವನ್ನು ಬಿಡಿಸಿ ಹೇಳಿದ್ದೂ ಉಂಟು. ಆದರೆ ಮೊದಲು ಅವನು ಏನಾಯಿತೆಂದು ಕೇಳಿದ, ಅವರ ಮಾತು ಮುಗಿಯುವ ತನಕ ಜತೆಗೆ ನಡೆದ.

ದೇವರ ವಿಷಯದಲ್ಲಿ ನಿರಾಶೆಗೊಂಡವರು ಮತ್ತೆ ನಂಬಿಕೆಗೆ ಬರುವುದು ಹೇಗೆ? ಎರಡು ಸಾವಿರ ವರ್ಷಗಳ ಕ್ರೈಸ್ತ ಅನುಭವವನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಸಿಗುವ ಉತ್ತರ, ಭಾನುವಾರದ ಆರಾಧನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವುದಕ್ಕಿಂತ ಬೇರೆಯೇ ಇದೆ. ಮರಳಿ ಬಂದವರಲ್ಲಿ ಹೆಚ್ಚಿನವರು ದೇವರ ಮುಖದೆದುರೇ ದೂರು ಹೇಳಿದವರು. ಬಿಟ್ಟುಹೋದ ಜಾಗಕ್ಕೇ ಅವರಲ್ಲಿ ಯಾರೂ ವಾಪಸಾಗಲಿಲ್ಲ. ಹಿಂದಿನ ನಂಬಿಕೆಯೊಳಗಿದ್ದ ಏನೋ ಒಂದು ದಾರಿಯಲ್ಲೇ ಉಳಿದುಹೋಯಿತು.

ದೂರುವುದು ಅಪನಂಬಿಕೆ ಎಂಬ ಅಂಜಿಕೆ ಕ್ರೈಸ್ತ ಮನೆಗಳಲ್ಲಿ ಆಳವಾಗಿದೆ. ಬೈಬಲಿಗೆ ಆ ಅಂಜಿಕೆ ಇಲ್ಲ. 150 ಕೀರ್ತನೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪ್ರಲಾಪಗಳೇ. ಅವುಗಳಲ್ಲಿ ಬಹುಪಾಲು ಕೊನೆಗೆ ಸ್ತುತಿಯ ಕಡೆಗೆ ಹೊರಳುತ್ತವೆ; 88ನೆಯದು ಹೊರಳುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಕೀರ್ತನೆಗಳನ್ನು ಒಟ್ಟುಗೂಡಿಸಿದವರು ಅದಕ್ಕೊಂದು ಸಮಾಧಾನದ ಸಾಲು ಸೇರಿಸಬಹುದಿತ್ತು, ಸೇರಿಸಲಿಲ್ಲ. ಕಥೋಲಿಕ ಧರ್ಮಸಭೆಯ ದೈನಂದಿನ ಪ್ರಾರ್ಥನಾವಿಧಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಮಲಗುವ ಮೊದಲು ಅದನ್ನೇ ಹೇಳುತ್ತಾರೆ. ಯೋಬನ ಕತೆಯಲ್ಲಿ ದೇವರನ್ನು ಸಮರ್ಥಿಸಿ ಮಾತಾಡಿದ ಗೆಳೆಯರ ಮೇಲೆಯೇ ದೇವರ ಸಿಟ್ಟು ತಿರುಗುತ್ತದೆ. ಸರಿಯಾಗಿ ಮಾತಾಡಿದವನು ಎಂದು ಅನ್ನಿಸಿಕೊಳ್ಳುವವನು ದೂರಿದ ಯೋಬ. ಆ ಗೆಳೆಯರು ಮೊದಲ ಏಳು ದಿನ ಅವನ ಜತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಅವರಿಗಿಂತ ಒಳ್ಳೆಯ ಗೆಳೆಯರಿಲ್ಲ ಎನ್ನಬಹುದಿತ್ತು. ಇನ್ನು ಸಾಯಲು ಬಯಸಿ ಮರದಡಿ ಬಿದ್ದುಕೊಂಡ ಎಲೀಯನಿಗೆ ದೇವದೂತ ಮೊದಲು ತಂದದ್ದು ರೊಟ್ಟಿ ಮತ್ತು ನೀರು. ಉಂಡು ಮಲಗಿದ ಪ್ರವಾದಿಯನ್ನು ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ದೇವರ ಮಾತು ಬಂದದ್ದು ಎಷ್ಟೋ ದಿನಗಳ ಮೇಲೆ.

ನಿರಾಶೆಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ನಾವೇ ಕಟ್ಟಿಕೊಂಡ ಲೆಕ್ಕಾಚಾರ ಕುಸಿದಾಗ ಬರುತ್ತವೆ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ಬ್ಯಾಪ್ಟಿಸ್ಟ್ ರೈತ ದಾನಿಯೇಲನ ಗ್ರಂಥದ ಅಂಕಿಗಳನ್ನು ಹಿಡಿದು ಕ್ರಿಸ್ತನ ಪುನರಾಗಮನದ ಕಾಲವನ್ನು ಲೆಕ್ಕ ಹಾಕಿದ. ಕೊನೆಗೆ ಅವನ ಹಿಂಬಾಲಕರು 1844ರ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟು ಕಾದರು. ರಾತ್ರಿ ಕಳೆಯಿತು, ಬೆಳಗಾಯಿತು. ಎಷ್ಟೋ ಜನ ಧರ್ಮವನ್ನೇ ಬಿಟ್ಟರು, ಕೆಲವರು ಹೊಸ ದಿನಾಂಕ ಹುಡುಕಿದರು, ಇನ್ನು ಕೆಲವರು ಘಟನೆಗೆ ಬೇರೆ ಅರ್ಥ ಕಂಡುಕೊಂಡು 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಸಂಘಟಿತರಾದರು. ದೇವರು ಕೊಡದ ಮಾತನ್ನು ದೇವರ ಬಾಯಲ್ಲಿಟ್ಟರೆ ಆಗುವ ನೋವು ಇದು. ಈ ಹೊತ್ತಿಗೂ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ, ಮಗುವಾಗುತ್ತದೆ ಎಂದು ವೇದಿಕೆಯಿಂದ ತಾರೀಖಿನ ಸಮೇತ ಭರವಸೆ ಕೊಡುವವರು ಹಳ್ಳಿ ಪಟ್ಟಣಗಳಲ್ಲೆಲ್ಲ ಇದ್ದಾರೆ. ಆ ಮಾತು ಸುಳ್ಳಾದ ದಿನ ಅದನ್ನು ನಂಬಿದ ಬಡ ಹೆಂಗಸಿಗೆ ‘ನಿನ್ನ ನಂಬಿಕೆ ಸಾಲಲಿಲ್ಲ’ ಎನ್ನುವುದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ.

ಯಾರ ತಪ್ಪೂ ಇಲ್ಲದೆ ಮೇಲೆ ಬೀಳುವ ನಿರಾಶೆಯ ಬಗೆ ಬೇರೆ. 1812ರ ಮಾರ್ಚ್ 11ರಂದು ಬಂಗಾಳದ ಶ್ರೀರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಮಿಷನರಿ ವಿಲಿಯಂ ಕೇರಿಯ ಎಷ್ಟೋ ವರ್ಷಗಳ ಹಸ್ತಪ್ರತಿಗಳು ಬೂದಿಯಾದವು. ಕೇರಿ ಮತ್ತೆ ಮೊದಲಿನಿಂದ ಕೂತ. ಬೆಂಕಿಯಿಂದ ಐದು ವರ್ಷಕ್ಕೆ, 1817ರಲ್ಲಿ, ಅದೇ ಶ್ರೀರಾಂಪುರದಿಂದ ಕನ್ನಡದ ವ್ಯಾಕರಣವೊಂದು ಹೊರಬಂತು. ಆದರೆ ಎಲ್ಲರೂ ಹೀಗೆ ಮರುದಿನವೇ ಎದ್ದು ಕೂರುವುದಿಲ್ಲ. 1813ರಲ್ಲಿ ರಂಗೂನಿಗೆ ಹೋದ ಮಿಷನರಿ ಅಡೊನಿರಂ ಜಡ್ಸನ್ ಮೊದಲ ಬರ್ಮೀ ವಿಶ್ವಾಸಿಗಾಗಿ ಆರು ವರ್ಷ ಕಾದ. ಇಂಗ್ಲಿಷರೊಂದಿಗಿನ ಯುದ್ಧದ ಕಾಲದಲ್ಲಿ ಬೇಹುಗಾರನೆಂಬ ಶಂಕೆಯ ಮೇಲೆ ಆವಾದಲ್ಲಿ ಸಂಕೋಲೆ ಹಾಕಿಸಿಕೊಂಡು ಸೆರೆಯಲ್ಲಿದ್ದ. ಬಿಡುಗಡೆಯಾದ ಮೇಲೆ 1826ರಲ್ಲಿ ಹೆಂಡತಿ ಆ್ಯನ್ ತೀರಿಕೊಂಡಳು, ಆರು ತಿಂಗಳಿಗೆ ಮಗಳೂ ಹೋದಳು. ಜಡ್ಸನ್ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು ಒಂಟಿಯಾದ. ತನ್ನ ಗೋರಿಯನ್ನು ತಾನೇ ತೋಡಿ ಅದರ ಪಕ್ಕದಲ್ಲಿ ಕೂತ. ದೇವರಿದ್ದಾನೆಂದು ನಂಬುತ್ತೇನೆ, ಕಂಡುಕೊಳ್ಳಲು ಮಾತ್ರ ಆಗುತ್ತಿಲ್ಲ ಎಂಬರ್ಥದಲ್ಲಿ ಆ ದಿನಗಳಲ್ಲಿ ಬರೆದ. ಅವನು ಚೇತರಿಸಿಕೊಂಡದ್ದು ಯಾವುದೋ ದರ್ಶನದಿಂದಲ್ಲ. ಹಳ್ಳಿಗಳ ತಿರುಗಾಟ, ಅನುವಾದದ ಮೇಜು, ಕಾಲ ಇವುಗಳಿಂದ, ತೀರಾ ನಿಧಾನವಾಗಿ. 1834ರಲ್ಲಿ ಬರ್ಮೀ ಬೈಬಲಿನ ಅನುವಾದ ಮುಗಿಯಿತು.

ನಮ್ಮ ನೆಲದಲ್ಲೇ ನಡೆದ, ನುಂಗಲಾರದ ಒಂದು ಪ್ರಕರಣವಿದೆ. 1784ರ ಬೂದಿ ಬುಧವಾರದಂದು ಕೆನರಾದ ಕಥೋಲಿಕರನ್ನು ಟಿಪ್ಪುವಿನ ಆಜ್ಞೆಯ ಮೇಲೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬುದು ಅವರ ಮೇಲಿನ ಆಪಾದನೆ. ಎಷ್ಟು ಜನರನ್ನು ಒಯ್ದರೆಂಬ ಬಗ್ಗೆ ಒಮ್ಮತವಿಲ್ಲ. ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೂ ಹೇಳುತ್ತಾರೆ. ದಾರಿಯಲ್ಲೇ ಸತ್ತವರೆಷ್ಟೋ. ಸೆರೆಯಲ್ಲಿ ಬಹಳಷ್ಟು ಜನರನ್ನು ಬಲವಂತವಾಗಿ ಮತಾಂತರಿಸಲಾಯಿತು. ಹದಿನೈದು ವರ್ಷಗಳ ನಂತರ, 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದಾಗ ಉಳಿದವರು ಹೊರಬಂದರು.

ಆಗ ಅವರ ನಡುವೆ ಕೆಲಸಕ್ಕೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬಾ. ಮೈಸೂರು ಸೀಮೆಯ ಜನ ಅವನನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಚದುರಿದ ಸಭೆಗಳನ್ನು ಒಟ್ಟುಗೂಡಿಸಿದ, ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಕ್ರೈಸ್ತ ಬೇಸಾಯಗಾರರನ್ನು ನೆಲೆಗೊಳಿಸಿದ, ಸಾವಿರಾರು ಜನಕ್ಕೆ ಸಿಡುಬಿನ ಲಸಿಕೆ ಹಾಕಿಸಿದ. ಇಷ್ಟೆಲ್ಲ ಮಾಡಿದವನು ಈ ದೇಶಕ್ಕೆ ಬಂದ ಮೂವತ್ತೊಂದು ವರ್ಷಗಳ ನಂತರ 1823ರಲ್ಲಿ ಭಾರತ ಬಿಟ್ಟದ್ದು ಆಳವಾದ ನಿರಾಶೆಯಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವನ ಪತ್ರಗಳು, ಈ ದೇಶದಲ್ಲಿ ಕ್ರೈಸ್ತ ಧರ್ಮದ ಕಾಲ ಮುಗಿಯಿತು ಎಂದು ಸಾರಿದವು. ತನ್ನಿಂದ ಧರ್ಮಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ, ಅವರಲ್ಲೂ ನಿಜವಾದ ವಿಶ್ವಾಸಿಗಳು ಇಲ್ಲವೆನ್ನುವಷ್ಟು ಕಡಿಮೆ ಎಂದು ಲೆಕ್ಕ ಒಪ್ಪಿಸಿದ. ಶ್ರೀರಂಗಪಟ್ಟಣದ ಬಂದಿಗಳ ಬಗ್ಗೆಯೂ ಅವನಿಗೆ ಕಹಿಯಿತ್ತು: ಅಷ್ಟು ಸಾವಿರ ಜನರಲ್ಲಿ ಒಬ್ಬನೂ ರಕ್ತಸಾಕ್ಷಿಯಾಗಲು ಮುಂದೆ ಬರಲಿಲ್ಲವಲ್ಲ ಎಂದು.

ದ್ಯುಬಾನ ದುಡಿಮೆಯ ಮೇಲೆ ನನಗೆ ಗೌರವವಿದೆ. ಆದರೆ ಈ ಒಂದು ತೀರ್ಪಿನಲ್ಲಿ ಅವನು ಎಡವಿದ. ಅವನು ಹುಡುಕಿದ್ದು ಸಾವಿಗೆ ಎದೆಯೊಡ್ಡುವ ವೀರರನ್ನು. ಅವನ ಕಣ್ಣೆದುರಿಗೆ ಇದ್ದವರು ಮಕ್ಕಳನ್ನು ಉಳಿಸಿಕೊಳ್ಳಲು ತಲೆಬಾಗಿಸಿ, ಸೆರೆ ಕಳಚಿದ ಕೂಡಲೇ ಮರಳಿ ಬಂದು ಪಾದ್ರಿಗಳ ಮುಂದೆ ನಿಂತವರು. ಹೊರಗಿನ ಗುರುತುಗಳೆಲ್ಲ ಅಳಿಸಿಹೋದ ಮೇಲೂ ಹದಿನೈದು ವರ್ಷ ಒಳಗೆ ಏನನ್ನೋ ಇಟ್ಟುಕೊಂಡಿದ್ದರು. ಪೇತ್ರನಿಗಿಂತ ಇವರು ಹೆಚ್ಚೇನೂ ತಪ್ಪಿದವರಲ್ಲ. ಅವನು ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತಾ ಮೂರು ಸಲ ಅಲ್ಲಗಳೆದ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಕೆಂಡದ ಬೆಂಕಿಯ ಪಕ್ಕ ಯೇಸು ಅವನಿಗೆ ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿ ಕುರಿಗಳನ್ನು ಒಪ್ಪಿಸಿದ. ಕರಾವಳಿಗೆ ವಾಪಸಾದವರು ನೆಲಸಮವಾಗಿದ್ದ ಚರ್ಚುಗಳನ್ನು ಒಂದೊಂದಾಗಿ ಕಟ್ಟಿದರು. ಮಂಗಳೂರಿನ ರೊಸಾರಿಯೊ 1813ರಲ್ಲಿ ಮತ್ತೆ ಎದ್ದಿತು. ದ್ಯುಬಾ ಕೂಡ ಪಾದ್ರಿತನ ಬಿಡಲಿಲ್ಲ. ಪ್ಯಾರಿಸಿಗೆ ಮರಳಿ, ಹೊರದೇಶಗಳಿಗೆ ಪಾದ್ರಿಗಳನ್ನು ಕಳಿಸುವ ತನ್ನದೇ ಸಂಸ್ಥೆಯ ಮುಖ್ಯಸ್ಥನಾದ. ತನ್ನ ಕೆಲಸ ನಿಷ್ಫಲವೆಂದು ಬರೆದವನು ಅದೇ ಕೆಲಸಕ್ಕೆ ಇತರರನ್ನು ಸಿದ್ಧಗೊಳಿಸುತ್ತಾ 1848ರಲ್ಲಿ ತೀರಿಕೊಂಡ. ಬರೆದದ್ದಕ್ಕಿಂತ ಬದುಕಿದ್ದರಲ್ಲಿ ಹೆಚ್ಚು ಭರವಸೆ ಇತ್ತೇನೋ.

ಹೊರಗಿನ ಸ್ಥಿತಿ ಏನೇ ಇರಲಿ, ಒಳಗೆ ದೇವರಿಲ್ಲದಂತಾಗುವುದೂ ಉಂಟು. ಸ್ಪೇನಿನ ಸಂತ ಶಿಲುಬೆಯ ಯೋಹಾನನನ್ನು 1577ರಲ್ಲಿ ಅವನದೇ ಮಠದ ಸಹೋದರರು ಹಿಡಿದು ತೊಲೆದೊದ ಇಕ್ಕಟ್ಟಿನ ಕೋಣೆಯಲ್ಲಿ ಎಂಟೊಂಬತ್ತು ತಿಂಗಳು ಕೂಡಿಹಾಕಿದರು. ಆತ್ಮದ ಕತ್ತಲ ರಾತ್ರಿಯ ಬಗ್ಗೆ ಆತ ಬರೆದದ್ದು ಇಂದಿಗೂ ಈ ವಿಷಯದ ಮೂಲಗ್ರಂಥ. ಆದರೆ ನಮಗೆ ಹೆಚ್ಚು ಹತ್ತಿರದವರು ಮದರ್ ತೆರೇಸಾ. 1946ರಲ್ಲಿ ಡಾರ್ಜಿಲಿಂಗ್ ರೈಲಿನಲ್ಲಿ ಕರೆ ಕೇಳಿದ ಆಕೆ ಕೋಲ್ಕತ್ತದ ಬೀದಿಗಿಳಿದ ಕಾಲದಿಂದಲೇ ದೇವರು ಸಮೀಪದಲ್ಲಿದ್ದಾನೆಂಬ ಅನುಭವ ಅವರಿಗೆ ನಿಂತುಹೋಯಿತು. 1958ರಲ್ಲಿ ಕೆಲವು ವಾರ ಮರಳಿದ್ದು ಬಿಟ್ಟರೆ 1997ರಲ್ಲಿ ತೀರಿಕೊಳ್ಳುವವರೆಗೂ ಆ ಬರಡುತನ ಹೋಗಲಿಲ್ಲ. ಗುರುಗಳಿಗೆ ಬರೆದ ಗುಟ್ಟಿನ ಪತ್ರಗಳು 2007ರಲ್ಲಿ ಪುಸ್ತಕವಾದಾಗ ಕೆಲವರು ಆಕೆ ಒಳಗೊಳಗೇ ನಾಸ್ತಿಕಳಾಗಿದ್ದಳು ಎಂದರು, ಕೆಲವು ಭಕ್ತರು ಇದನ್ನೆಲ್ಲ ಪ್ರಕಟಿಸಬಾರದಿತ್ತು ಎಂದು ನೊಂದುಕೊಂಡರು. ಇಬ್ಬರೂ ಪತ್ರಗಳನ್ನು ಪೂರ್ತಿ ಓದಿಲ್ಲ ಎಂದೇ ನನ್ನ ಭಾವನೆ. ಆ ಪತ್ರಗಳು ಯಾರಿಲ್ಲವೆಂದು ಗೋಳಾಡುತ್ತವೆಯೋ ಅವನನ್ನೇ ಉದ್ದೇಶಿಸಿ ಮಾತಾಡುತ್ತವೆ. 1961ರ ಹೊತ್ತಿಗೆ ಯೇಸುಸಭೆಯ ಪಾದ್ರಿ ಜೋಸೆಫ್ ನೊಯ್ನರ್ ಅವರಿಗೆ ಹೇಳಿದ್ದು ಸರಳವಾಗಿತ್ತು: ಇದು ನಿಮ್ಮ ತಪ್ಪಿನ ಫಲವಲ್ಲ, ಇದಕ್ಕೆ ಮನುಷ್ಯರ ಕೈಯಲ್ಲಿ ಮದ್ದಿಲ್ಲ, ದೇವರಿಗಾಗಿ ಇಷ್ಟು ಹಂಬಲಿಸುವುದೇ ದೇವರು ಅಲ್ಲಿರುವುದರ ಗುರುತು. ಕತ್ತಲೆ ಹೋಗಲಿಲ್ಲ. ಅದರೊಳಗೇ ಇರಲು ಆಕೆ ಒಪ್ಪಿದರು, ಮುಂದೆ ಅದನ್ನು ಪ್ರೀತಿಸಲೂ ತೊಡಗಿದರು. ಭಕ್ತಿ ಉಕ್ಕುವ ಭಾವವೇ ನಂಬಿಕೆಯೆಂದು ಅಳೆಯುವವರಿಗೆ ಆ ಅಳತೆಗೋಲನ್ನು ಕೆಳಗಿಡದೆ ಈ ಬದುಕು ಅರ್ಥವಾಗದು.

ಇಪ್ಪತ್ತನೆಯ ಶತಮಾನದಲ್ಲಿ ಭರವಸೆಯನ್ನು ದೇವಶಾಸ್ತ್ರದ ನಡುಮನೆಗೆ ತಂದವನು ನಂಬಿಕೆಯಿಲ್ಲದ ಮನೆಯಲ್ಲಿ ಬೆಳೆದವನು. 1943ರ ಜುಲೈಯಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬುಗಳು ಸುರಿದಾಗ ಯೂರ್ಗನ್ ಮೊಲ್ಟ್‌ಮನ್‌ಗೆ ಹದಿನೇಳು ವರ್ಷ. ಪಕ್ಕದಲ್ಲಿ ನಿಂತಿದ್ದ ಗೆಳೆಯ ಛಿದ್ರವಾದ. ಎರಡು ವರ್ಷಕ್ಕೆ ಸೆರೆಸಿಕ್ಕು ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ನಾಜಿ ಯಾತನಾಶಿಬಿರಗಳ ಚಿತ್ರಗಳನ್ನು ಬಂದಿಗಳಿಗೆ ತೋರಿಸಿದರು. ತನ್ನ ಜನ ಮಾಡಿದ್ದನ್ನು ಕಂಡು ಹುಡುಗ ಕುಸಿದ. ಸೇನೆಯ ಪಾದ್ರಿಯೊಬ್ಬ ಕೊಟ್ಟ ಬೈಬಲಿನಲ್ಲಿ ಅವನನ್ನು ಮೊದಲು ಹಿಡಿದದ್ದು 39ನೆಯ ಕೀರ್ತನೆಯ ಗೋಳು, ಆಮೇಲೆ ಮಾರ್ಕನ ಸುವಾರ್ತೆಯಲ್ಲಿ ದೇವರು ತನ್ನ ಕೈಬಿಟ್ಟನೆಂದು ಶಿಲುಬೆಯ ಮೇಲಿಂದ ಎದ್ದ ಕೂಗು. ತನ್ನನ್ನು ಬಲ್ಲವನೊಬ್ಬ ಇಲ್ಲಿದ್ದಾನೆ ಎಂದು ಅವನಿಗೆ ಅನ್ನಿಸಿತು. 1964ರ ಭರವಸೆಯ ದೇವಶಾಸ್ತ್ರವೂ 1972ರಲ್ಲಿ ಶಿಲುಬೆಗೇರಿದ ದೇವರ ಕುರಿತು ಬರೆದ ಗ್ರಂಥವೂ ಹುಟ್ಟಿದ್ದು ಆ ಶಿಬಿರದಲ್ಲೇ ಎನ್ನಬೇಕು. ದೇವರು ನೋವನ್ನು ಮೇಲಿನಿಂದ ನೋಡುವವನಲ್ಲ, ನೋವಿನೊಳಗೆ ಇಳಿದವನು ಎಂಬ ಅವನ ಮಾತಿಗೆ ದೇವಶಾಸ್ತ್ರಜ್ಞರು ತಕರಾರು ತೆಗೆದಿದ್ದಾರೆ. ದೇವರೇ ನೊಂದರೆ ನಮ್ಮನ್ನು ಎತ್ತುವವರು ಯಾರು ಎಂಬ ಪ್ರಶ್ನೆ ಹಗುರವಾದದ್ದಲ್ಲ. ಆದರೂ ಎದೆಯೊಡೆದವರಿಗೆ ಮೊದಲು ಬೇಕಾಗುವುದು ಮೊಲ್ಟ್‌ಮನ್ ಕಂಡ ಆ ಜತೆಗಾರನೇ ಎಂದು ನನಗನ್ನಿಸುತ್ತದೆ.

ಪಂಡಿತಾ ರಮಾಬಾಯಿಯವರ ಬದುಕಿನಲ್ಲಿ ಈ ಎಲ್ಲ ಬಗೆಯ ನಿರಾಶೆಗಳೂ ಒಬ್ಬರನ್ನೇ ಹುಡುಕಿಕೊಂಡು ಬಂದಂತಿವೆ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಸಮಾಜದ ವಿರೋಧ ಕಟ್ಟಿಕೊಂಡವರು. ತೀರ್ಥದಿಂದ ತೀರ್ಥಕ್ಕೆ ಅಲೆದ ಆ ಕುಟುಂಬವನ್ನು 1870ರ ದಶಕದ ಬರ ನುಂಗಿತು: ತಂದೆ, ತಾಯಿ, ಅಕ್ಕ ಕೆಲವೇ ತಿಂಗಳ ಅಂತರದಲ್ಲಿ ಹೋದರು. ವ್ರತ ಉಪವಾಸಗಳಿಗೆ ಯಾವ ದೇವರೂ ಓಗೊಡಲಿಲ್ಲವೆಂಬ ಮೊದಲ ನಿರಾಶೆ ಅಲ್ಲಿ. ಕೋಲ್ಕತ್ತದಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು, ಅಣ್ಣ ತೀರಿಕೊಂಡ, 1882ರಲ್ಲಿ ಕಾಲರಾ ಗಂಡನನ್ನೂ ಕಿತ್ತುಕೊಂಡಿತು. ಮರುವರ್ಷ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಕತೆ ಅಲ್ಲಿಗೆ ಸುಖಾಂತವಾಗುತ್ತದೆ ಎಂದುಕೊಂಡವರು ರಮಾಬಾಯಿಯವರ ಪತ್ರಗಳನ್ನು ಓದಬೇಕು. ವಿಧೇಯತೆಯನ್ನು ನಿರೀಕ್ಷಿಸಿದ ಆಂಗ್ಲಿಕನ್ ಸನ್ಯಾಸಿನಿಯರೊಂದಿಗೆ ಅವರು ತ್ರಿಯೇಕತ್ವದ ಬಗ್ಗೆ, ಪಾದ್ರಿಗಳ ಅಧಿಕಾರದ ಬಗ್ಗೆ ವಾದಿಸಿದರು. ಒಂದು ಪುರೋಹಿತಶಾಹಿಯನ್ನು ಬಿಟ್ಟು ಬಂದವಳು ಇನ್ನೊಂದಕ್ಕೆ ತಲೆಬಾಗುವುದಿಲ್ಲ ಎಂಬ ಹಟ ಅದರಲ್ಲಿತ್ತು. ಭಾರತಕ್ಕೆ ಮರಳಿ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದ ಮೇಲೆ, ಹುಡುಗಿಯರನ್ನು ಮತಾಂತರಿಸುತ್ತಾರೆಂದು ಬೆಂಬಲಿಗರು ಕೈಬಿಟ್ಟರು. ಇಂಗ್ಲೆಂಡಿನವರಿಗೆ ಅವರ ಕ್ರೈಸ್ತತನ ಸಾಲದು, ಪುಣೆಯವರಿಗೆ ಅದು ಅತಿಯಾಯಿತು. ತನಗೆ ಕ್ರೈಸ್ತ ಧರ್ಮ ದೊರೆತಿತ್ತು, ಆದರೆ ಕ್ರಿಸ್ತ ದೊರೆತದ್ದು ದೀಕ್ಷೆಯಾಗಿ ಎಂಟು ವರ್ಷಗಳ ಮೇಲೆ, 1891ರಲ್ಲಿ, ಎಂಬರ್ಥದಲ್ಲಿ ಅವರೇ ಮುಂದೆ ತಮ್ಮ ಸಾಕ್ಷಿಯಲ್ಲಿ ಹೇಳಿಕೊಂಡಿದ್ದಾರೆ. ನಂಬಿಕೆ ನವೀಕರಣಗೊಳ್ಳುವುದನ್ನು ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಆ ಹೊಸ ಭರವಸೆ ಧ್ಯಾನದಲ್ಲಿ ಕೂತುಬಿಡಲಿಲ್ಲ. 1896-97ರ ಬರದಲ್ಲಿ, ಹಿಂದೊಮ್ಮೆ ತಾವೇ ಹಸಿದು ಅಲೆದಿದ್ದ ಅವರು ನೂರಾರು ಅನಾಥ ಹುಡುಗಿಯರನ್ನು ಕೆಡಗಾಂವಿಗೆ ಕರೆತಂದರು. ಅದೇ ಮುಕ್ತಿ ಸದನವಾಯಿತು. ಮಗಳು ಮನೋರಮಾ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. 1921ರಲ್ಲಿ ಆ ಮಗಳೂ ತೀರಿಕೊಂಡಾಗ ರಮಾಬಾಯಿ ಹೀಬ್ರೂ ಗ್ರೀಕ್ ಮೂಲಗಳಿಂದ ಮರಾಠಿಗೆ ಬೈಬಲ್ ಅನುವಾದಿಸುವುದರಲ್ಲಿದ್ದರು. ಆ ಕೆಲಸ ಪೂರೈಸಿಯೇ 1922ರ ಏಪ್ರಿಲಿನಲ್ಲಿ ಕಣ್ಣುಮುಚ್ಚಿದರು.

ಸಭೆಯಿಂದಲೇ ಆಗುವ ನಿರಾಶೆಯನ್ನು ಮಾತ್ರ ಈ ಸಾಲಿನಲ್ಲಿ ಸುಮ್ಮನೆ ಸೇರಿಸಲಾಗದು. ಸಮಾನತೆ ಹುಡುಕಿ ಬಂದ ದಲಿತರಿಗೆ ಚರ್ಚಿನ ಬೆಂಚುಗಳಲ್ಲೂ ಕೆಲವೆಡೆ ಸ್ಮಶಾನದಲ್ಲೂ ಜಾತಿ ಎದುರಾಯಿತು. 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸವಲತ್ತೂ ಇಲ್ಲವಾಯಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಮೊಳಕೆಯೊಡೆದಾಗ, ಅದು ಆ ಸಿಟ್ಟಿನಿಂದಲೇ ಹುಟ್ಟಿದ ಭರವಸೆಯಾಗಿತ್ತು. 2002ರಲ್ಲಿ ಬಾಸ್ಟನ್ನಿನಲ್ಲಿ, 2009ರಲ್ಲಿ ಐರ್ಲೆಂಡಿನಲ್ಲಿ ಹೊರಬಿದ್ದ, ಚರ್ಚಿನೊಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಸಂಗತಿಗಳು ಲಕ್ಷಾಂತರ ವಿಶ್ವಾಸಿಗಳ ಬುಡವನ್ನೇ ಅಲುಗಿಸಿದವು. ಇಂಥ ಗಾಯಕ್ಕೆ ತಾಳ್ಮೆಯ ಉಪದೇಶ ಮದ್ದಲ್ಲ. ಮೊದಲು ಸತ್ಯ ಹೊರಬರಬೇಕು, ಹೊಣೆಗಾರರಿಗೆ ಶಿಕ್ಷೆಯಾಗಬೇಕು, ನೊಂದವರಿಗೆ ನ್ಯಾಯ ಸಿಗಬೇಕು. ಆ ಮೇಲೂ ಅವರು ಮರಳಿ ಬಾರದಿದ್ದರೆ ಅವರನ್ನು ಅವಿಶ್ವಾಸಿಗಳೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಪುನರುತ್ಥಾನದ ದಿನ ತೋಮ ಅಲ್ಲಿರಲಿಲ್ಲ, ಇತರರು ಹೇಳಿದ್ದನ್ನು ನಂಬಲೂ ಇಲ್ಲ. ಎಂಟು ದಿನಗಳ ಮೇಲೆ ಶಿಷ್ಯರು ಕೂಡಿದಾಗ ಅವನು ಅವರ ನಡುವೆಯೇ ಇದ್ದ. ಆ ಎಂಟು ದಿನ ಅವನನ್ನು ಹೊರಗೆ ಹಾಕದೆ, ಒತ್ತಾಯಿಸಿ ಹೌದೆನ್ನಿಸದೆ ಇಟ್ಟುಕೊಂಡ ಆ ಹತ್ತು ಜನರ ಬಗ್ಗೆ ನಾವು ಪ್ರಸಂಗ ಕೇಳುವುದೇ ಇಲ್ಲ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದಾಗ ಎದ್ದು ನಿಲ್ಲುವವರು ವಾಸಿಯಾದವರು, ಸಾಲ ತೀರಿದವರು, ವೀಸಾ ಸಿಕ್ಕವರು. ಮಗನಿಗಾಗಿ ಮೂರು ವರ್ಷ ಮೊಣಕಾಲೂರಿ ಪ್ರಾರ್ಥಿಸಿ ಕೊನೆಗೆ ಅವನನ್ನು ಮಣ್ಣು ಮಾಡಿ ಬಂದ ತಾಯಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಕೆಲವು ವಾರಗಳಾದ ಮೇಲೆ ಬರುವುದನ್ನೇ ನಿಲ್ಲಿಸುತ್ತಾಳೆ. ಆ ವೇದಿಕೆಯಲ್ಲಿ ಅವಳಿಗೂ ಒಂದು ಸರದಿ ಬೇಕು. ಅವಳು ಹೇಳಿ ಮುಗಿಸಿದ ಕೂಡಲೇ ಯಾರೂ ಎದ್ದು ವಿವರಣೆ ಕೊಡಬಾರದು. 88ನೆಯ ಕೀರ್ತನೆಯನ್ನು ಓದಿ, ಊಟಕ್ಕೆ ಅವಳ ಮನೆಗೆ ಹೋಗಬೇಕು.